ಅಗ್ಗದ ಅಮೆರಿಕನ್ ಬಿಯರ್: ರುಚಿ ನೋಡುವುದು, ಅಂಕ ಕೊಡುವುದು

ಬಡ್ವೈಸರ್, ಮಿಲ್ಲರ್ ಹೈ ಲೈಫ್, ಪ್ಯಾಬ್ಸ್ಟ್ ಬ್ಲೂ ರಿಬ್ಬನ್, ಕೂರ್ಸ್, ಬುಶ್, ಹ್ಯಾಮ್ಸ್, ನ್ಯಾಚುರಲ್ ಲೈಟ್, ಕೀಸ್ಟೋನ್. ಅಮೆರಿಕದ ಅಂಗಡಿಗಳಲ್ಲಿ 12 ಅಥವಾ 30 ಕ್ಯಾನುಗಳ ರಟ್ಟಿನ ಪೆಟ್ಟಿಗೆಯಲ್ಲಿ ಮಾರಾಟವಾಗುವ, ತೆಳು ಹಳದಿ ಬಣ್ಣದ, ಹೆಚ್ಚು ಕಹಿಯಿಲ್ಲದ ಬಿಯರ್‌ಗಳು ಇವು. ಬಿಯರ್ ಬಲ್ಲವರೆನಿಸಿಕೊಂಡವರಲ್ಲಿ ಅನೇಕರು ಇವನ್ನೆಲ್ಲ ಒಂದೇ ಮಾತಿನಲ್ಲಿ 'ನೀರು' ಎಂದು ತಳ್ಳಿಹಾಕುತ್ತಾರೆ. ಆ ತೀರ್ಪು ಅವಸರದ್ದು. ಈ ಬಿಯರ್‌ಗಳನ್ನು ತಯಾರಿಸುವುದು ಕಷ್ಟದ ಕೆಲಸ, ಅಳೆಯುವುದು ಇನ್ನೂ ಕಷ್ಟ. ಯಾವುದು ಚೆನ್ನಾಗಿದೆ, ಯಾವುದು ಕೆಟ್ಟಿದೆ ಎಂದು ಹೇಳಲು ಸರಿಯಾದ ಕ್ರಮವೊಂದಿದೆ. ಆ ಕ್ರಮ ಗೊತ್ತಿದ್ದರೆ ಒಂದೇ ಥರ ಕಾಣುವ ಆರು ಲೋಟಗಳಲ್ಲಿ ಆರು ಬೇರೆ ಸಂಗತಿಗಳು ಸಿಗುತ್ತವೆ.

ಇದು ಯಾವ ಬಗೆಯ ಬಿಯರ್

ತಾಂತ್ರಿಕವಾಗಿ ಇವು 'ಅಮೆರಿಕನ್ ಲಾಗರ್' ಎಂಬ ವರ್ಗಕ್ಕೆ ಸೇರುತ್ತವೆ. ತಣ್ಣನೆಯ ಉಷ್ಣತೆಯಲ್ಲಿ ನಿಧಾನವಾಗಿ ಕೆಲಸ ಮಾಡುವ ಯೀಸ್ಟಿನಿಂದ ಹುದುಗಿಸಿ, ಆಮೇಲೆ ಕೆಲವು ವಾರ ತಂಪಿನಲ್ಲೇ ಮಾಗಲು ಬಿಟ್ಟ ಬಿಯರ್ ಲಾಗರ್. ಅಮೆರಿಕದ ಲಾಗರ್‌ಗಳಲ್ಲಿ ಬಾರ್ಲಿ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಜೊತೆಗೆ ಮೆಕ್ಕೆಜೋಳ ಅಥವಾ ಅಕ್ಕಿಯೂ ಇರುತ್ತದೆ. ಒಟ್ಟು ಧಾನ್ಯದಲ್ಲಿ ಇದರ ಪಾಲು ಶೇ. 40ರವರೆಗೂ ಹೋಗಬಹುದು. ಬಿಯರ್ ಸ್ಪರ್ಧೆಗಳ ತೀರ್ಪುಗಾರರನ್ನು ತರಬೇತುಗೊಳಿಸುವ ಬಿಜೆಸಿಪಿ ಎಂಬ ಸಂಸ್ಥೆ 1985ರಿಂದ ಅಮೆರಿಕದಲ್ಲಿದೆ. ಅದರ ಮಾರ್ಗಸೂಚಿಯ ಪ್ರಕಾರ ಅಮೆರಿಕನ್ ಲಾಗರ್‌ನಲ್ಲಿ ಮದ್ಯಸಾರ ಶೇ. 4.2ರಿಂದ 5.3, ಕಹಿಯ ಅಳತೆ (ಐಬಿಯು) 8ರಿಂದ 18. ಇಂಡಿಯಾ ಪೇಲ್ ಏಲ್‌ನಂಥ ಬಿಯರ್‌ನಲ್ಲಿ ಅದೇ ಕಹಿ 40ರಿಂದ 70ರವರೆಗೆ ಏರುತ್ತದೆ. 'ಲೈಟ್' ಎಂಬ ಹೆಸರಿನವು ಇನ್ನೂ ತೆಳು. ಬಡ್ವೈಸರ್‌ನಲ್ಲಿ ಮದ್ಯಸಾರ ಶೇ. 5, ಬಡ್ ಲೈಟ್‌ನಲ್ಲಿ ಶೇ. 4.2.

ಕಹಿ, ಸಿಹಿ, ಪರಿಮಳ ಎಲ್ಲವೂ ಕಡಿಮೆ ಇರಬೇಕೆನ್ನುವುದು ಈ ಬಿಯರ್‌ನ ಉದ್ದೇಶವೇ ಆಗಿದೆ. ಹಾಗಾಗಿ ಇದರಲ್ಲಿ ದೋಷ ಅಡಗಿಕೊಳ್ಳಲು ಜಾಗವಿಲ್ಲ. ಬಿಸಿಬೇಳೆಬಾತಿನಲ್ಲಿ ಒಂದು ಮಸಾಲೆ ಹೆಚ್ಚುಕಮ್ಮಿಯಾದರೆ ನಡೆದುಹೋಗುತ್ತದೆ, ಬಿಳಿ ಅನ್ನ ತುಸು ಸೀದರೂ ಇಡೀ ಪಾತ್ರೆಗೆ ವಾಸನೆ ಹತ್ತುತ್ತದೆ. ಕಹಿ, ಪರಿಮಳ ಕೊಡುವ ಹಾಪ್ಸ್ ಹೂಗಳನ್ನು ಸುರಿದು ಮಾಡಿದ ಕಡುಗಹಿ ಬಿಯರ್‌ನಲ್ಲಿ ಮುಚ್ಚಿಹೋಗುವ ಸಣ್ಣ ತಪ್ಪು ಇಲ್ಲಿ ಮೊದಲ ಗುಟುಕಿಗೇ ಗೊತ್ತಾಗುತ್ತದೆ.

ಮೆಕ್ಕೆಜೋಳ, ಅಕ್ಕಿ ಬಂದದ್ದು ಹೇಗೆ

ಖರ್ಚು ಉಳಿಸಲು ಮೆಕ್ಕೆಜೋಳ ಬೆರೆಸುತ್ತಾರೆ ಎಂಬುದು ಜನಪ್ರಿಯ ಆರೋಪ. ಇಂದಿನ ಮಟ್ಟಿಗೆ ಅದರಲ್ಲಿ ಸತ್ಯಾಂಶವಿದ್ದರೂ ಮೂಲ ಕಾರಣ ಬೇರೆ. 19ನೇ ಶತಮಾನದ ನಡುವಿನಲ್ಲಿ ಜರ್ಮನಿಯಿಂದ ಬಂದು ಮಿಲ್ವಾಕೀ, ಸೇಂಟ್ ಲೂಯಿಸ್, ಸಿನ್ಸಿನಾಟಿಗಳಲ್ಲಿ ನೆಲೆಸಿದ ತಯಾರಕರಿಗೆ ಸಿಕ್ಕಿದ್ದು ಅಮೆರಿಕದ ಆರು ಸಾಲಿನ ತೆನೆಯ ಬಾರ್ಲಿ. ಯುರೋಪಿನ ಎರಡು ಸಾಲಿನ ಬಾರ್ಲಿಗಿಂತ ಇದರಲ್ಲಿ ಪ್ರೋಟೀನ್ ಹೆಚ್ಚು. ಬರೀ ಇದರಿಂದಲೇ ಮಾಡಿದ ಬಿಯರ್ ತಣ್ಣಗಾದಾಗ ಮಸುಕಾಗುತ್ತಿತ್ತು, ಬಾಯಿಗೆ ಭಾರವೆನಿಸುತ್ತಿತ್ತು. ಬೊಹೀಮಿಯ ಮೂಲದ ಆಂಟನ್ ಶ್ವಾರ್ಟ್ಸ್ 1868ರಲ್ಲಿ ಅಮೆರಿಕಕ್ಕೆ ಬಂದು, ತಯಾರಕರ ಪತ್ರಿಕೆಯೊಂದರಲ್ಲಿ ಜೋಳ ಮತ್ತು ಅಕ್ಕಿಯ ಬಳಕೆಯನ್ನು ವಿವರಿಸಿ ಬರೆದರು. ಈ ಧಾನ್ಯಗಳಲ್ಲಿ ಪಿಷ್ಟ ಹೆಚ್ಚು, ಪ್ರೋಟೀನ್ ಕಡಿಮೆ. ನುಚ್ಚನ್ನು ಮೊದಲು ಬೇರೆ ಕಡಾಯಿಯಲ್ಲಿ ಗಂಜಿಯಂತೆ ಬೇಯಿಸಿ ಆಮೇಲೆ ಮಾಲ್ಟಿನ ಜೊತೆ ಸೇರಿಸಿದರೆ, ಬಾರ್ಲಿಯಲ್ಲಿರುವ ಕಿಣ್ವಗಳೇ ಅದರ ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಬಿಯರ್ ತಿಳಿಯಾಗಿ, ಹಗುರವಾಗಿ ಇಳಿಯುತ್ತದೆ. ತಯಾರಕ ಅಡಾಲ್ಫಸ್ ಬುಶ್ 1876ರಲ್ಲಿ ಬಡ್ವೈಸರ್ ತಂದಾಗ ಅಕ್ಕಿಯನ್ನು ಆರಿಸಿಕೊಂಡದ್ದು ಈ ತಿಳಿಬಣ್ಣಕ್ಕಾಗಿ.

ಇಂದು ಕೆಲವು ತಯಾರಕರು ನುಚ್ಚಿನ ಬದಲು ಜೋಳದ ಪಾಕವನ್ನೇ ಹಾಕುತ್ತಾರೆ. ಬಡ್ ಲೈಟ್ 2019ರ ಸೂಪರ್ ಬೌಲ್ ಎಂಬ ಅಮೆರಿಕನ್ ಫುಟ್‌ಬಾಲ್ ಅಂತಿಮ ಪಂದ್ಯದ ಜಾಹೀರಾತಿನಲ್ಲಿ ಮಿಲ್ಲರ್ ಲೈಟ್, ಕೂರ್ಸ್ ಲೈಟ್‌ಗಳನ್ನು ಇದೇ ವಿಷಯಕ್ಕೆ ಹಂಗಿಸಿತು, ಜಗಳ ನ್ಯಾಯಾಲಯಕ್ಕೂ ಹೋಯಿತು. ರುಚಿ ನೋಡುವವರು ನೆನಪಿಡಬೇಕಾದದ್ದು ಇಷ್ಟೇ: ಆ ಪಾಕದ ಸಕ್ಕರೆಯನ್ನು ಯೀಸ್ಟ್ ತಿಂದು ಮದ್ಯಸಾರ ಮಾಡಿಬಿಡುತ್ತದೆ. ಅದು ಲೋಟದವರೆಗೆ ಪಾಕವಾಗಿ ಬರುವುದಿಲ್ಲ.

ಬೆಲೆಯ ಮೆಟ್ಟಿಲು

ಅಗ್ಗದಲ್ಲೂ ದರ್ಜೆಗಳಿವೆ. ಸೇಂಟ್ ಲೂಯಿಸ್, ಮಿಲ್ವಾಕೀಗಳ ದೊಡ್ಡ ಕಂಪನಿಗಳು ರೈಲಿನಲ್ಲಿ ದೂರದ ಊರುಗಳಿಗೆ ಕಳಿಸುತ್ತಿದ್ದ ಬಿಯರ್‌ಗೆ ಊರಿನ ಬಿಯರ್‌ಗಿಂತ ಒಂದಿಷ್ಟು ಹೆಚ್ಚಿನ ಬೆಲೆ ಇತ್ತು. ಬಡ್ವೈಸರ್, ಮಿಲ್ಲರ್ ಹೈ ಲೈಫ್, ಶ್ಲಿಟ್ಸ್ ಈ 'ಪ್ರೀಮಿಯಂ' ಸಾಲಿನವು. ಅವುಗಳ ಕೆಳಗೆ ಜನಪ್ರಿಯ ಬೆಲೆಯ ಸಾಲು. ಬಡ್ವೈಸರ್ ತಯಾರಿಸುವ ಆನ್‌ಹೈಸರ್-ಬುಶ್ ಕಂಪನಿ 1955ರಲ್ಲಿ ತಂದ ಬುಶ್ ಬವೇರಿಯನ್, 1977ರ ನ್ಯಾಚುರಲ್ ಲೈಟ್, ಕೂರ್ಸ್ ಕಂಪನಿಯ ಕೀಸ್ಟೋನ್, ಓಲ್ಡ್ ಮಿಲ್ವಾಕೀ ಅಲ್ಲಿಯವು. ಮಿಲ್ಲರ್ ಹೈ ಲೈಫ್ 1903ರಲ್ಲಿ ಹುಟ್ಟಿ, ಬಾಟಲಿ ಬಿಯರ್‌ಗಳ ಷಾಂಪೇನ್ ಎಂದು ಜಾಹೀರಾತು ಮಾಡಿಕೊಂಡಿತ್ತು. ಈಗ ಅದು ಕೆಳಗಿನ ಸಾಲಿಗೆ ಇಳಿದಿದೆ. ಪ್ಯಾಬ್ಸ್ಟ್ ಕೂಡ ಹಾಗೇ ಇಳಿದು, ಈ ಶತಮಾನದ ಆರಂಭದಲ್ಲಿ ನಗರದ ಯುವಜನರ ನಡುವೆ ಮತ್ತೆ ಎದ್ದಿತು.

ಅಗ್ಗವಾಗುವುದು ಹೇಗೆ ಎಂಬುದಕ್ಕೆ ಉತ್ತರ ಕಾರ್ಖಾನೆಯ ಒಳಗಿದೆ. ಬಿಯರನ್ನು ಬೇಕಾದ್ದಕ್ಕಿಂತ ಗಟ್ಟಿಯಾಗಿ ಹುದುಗಿಸಿ, ಕೊನೆಯಲ್ಲಿ ಆಮ್ಲಜನಕ ತೆಗೆದ ನೀರು ಬೆರೆಸಿ ಹದಕ್ಕೆ ತರುವ ವಿಧಾನ ದೊಡ್ಡ ಕಂಪನಿಗಳಲ್ಲಿ ಸಾಮಾನ್ಯ. ಇದರಿಂದ ಅದೇ ತೊಟ್ಟಿಯಲ್ಲಿ ಹೆಚ್ಚು ಬಿಯರ್ ಸಿಗುತ್ತದೆ. ಇನ್ನೊಂದು ಕಾರಣ, ಹಳೆಯ ಬ್ರ್ಯಾಂಡುಗಳು ಬೇರೆಯವರ ಕಾರ್ಖಾನೆಯಲ್ಲಿ ತಯಾರಾಗುವುದು. ಪ್ಯಾಬ್ಸ್ಟ್ ತನ್ನ ಮಿಲ್ವಾಕೀ ಕಾರ್ಖಾನೆಯನ್ನು 1996ರಲ್ಲಿ ಮುಚ್ಚಿದ ಮೇಲೆ ದೀರ್ಘಕಾಲ ಪ್ರತಿಸ್ಪರ್ಧಿ ಮಿಲ್ಲರ್ ಕಂಪನಿಯೇ ಒಪ್ಪಂದದ ಮೇಲೆ ಅದರ ಬಿಯರ್ ಮಾಡಿಕೊಟ್ಟಿತು. ಡಬ್ಬಿಯ ಮೇಲಿನ ಊರಿನ ಹೆಸರು ನೋಡಿ ಒಳಗಿನ ನೀರಿನ ರುಚಿ ಊಹಿಸಲು ಆಗುವುದಿಲ್ಲ.

ಮೂಗು ಹಿಡಿಯುವ ದೋಷಗಳು

ಅಗ್ಗದ ಬಿಯರ್‌ಗೆ ಅಂಕ ಕೊಡುವ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಮೂಗಿನದು. ಡೆನ್ಮಾರ್ಕ್ ಮೂಲದ ರಸಾಯನಶಾಸ್ತ್ರಜ್ಞ ಮಾರ್ಟೆನ್ ಮೈಲ್‌ಗಾರ್ಡ್ 1970ರ ದಶಕದಲ್ಲಿ ಬಿಯರ್‌ನ ವಾಸನೆ-ರುಚಿಗಳನ್ನೆಲ್ಲ ಒಂದು ಚಕ್ರದಲ್ಲಿ ಜೋಡಿಸಿ, ಪ್ರತಿಯೊಂದಕ್ಕೂ ನಿರ್ದಿಷ್ಟ ಹೆಸರು ನಿಗದಿಯಾಗುವಂತೆ ಮಾಡಿದರು. 'ಏನೋ ಒಂಥರಾ ಇದೆ' ಎನ್ನುವ ಬದಲು ಯಾವ ರಾಸಾಯನಿಕದಿಂದ ಆ ಒಂಥರಾ ಬಂತು ಎಂದು ತೋರಿಸಲು ಅದು ದಾರಿ ಮಾಡಿತು.

ಮೊದಲನೆಯದು ಹಸಿರು ಸೇಬಿನ ವಾಸನೆ. ಅಸಿಟಾಲ್ಡಿಹೈಡ್ ಇದರ ಮೂಲ. ಯೀಸ್ಟ್ ಸಕ್ಕರೆಯನ್ನು ಮದ್ಯಸಾರವಾಗಿಸುವ ದಾರಿಯಲ್ಲಿ ಇದು ನಡುವಿನ ಹಂತವಾಗಿ ಹುಟ್ಟುತ್ತದೆ. ಮಾಗಲು ಸಮಯ ಕೊಟ್ಟರೆ ಕಡಿಮೆಯಾಗುತ್ತದೆ. ಹೆಚ್ಚಾದರೆ ಬಿಯರ್ ಹಸಿಹಸಿಯಾಗಿದೆ, ಅವಸರದಲ್ಲಿ ಹೊರಬಂದಿದೆ ಎಂದರ್ಥ. ಬಡ್ವೈಸರ್‌ನಲ್ಲಿ ಇದು ತೀರಾ ತೆಳುವಾಗಿ ಇರುತ್ತದೆ. ಅದನ್ನು ಕುಡಿಯುವವರು ಈ ಸೇಬಿನೆಳೆಯನ್ನೇ ಬಡ್ವೈಸರ್‌ನ ಗುರುತಾಗಿ ಸ್ವೀಕರಿಸಿದ್ದಾರೆ. ಆ ಬಿಯರ್ ಮಾಗುವ ತೊಟ್ಟಿಯ ತಳದಲ್ಲಿ ಬೀಚ್ ಮರದ ಸೀಳುಗಳನ್ನು ಹಾಸುತ್ತಾರೆ. ಮರದ ರುಚಿ ಬರಲೆಂದಲ್ಲ. ಸೀಳುಗಳನ್ನು ಮುಂಚೆಯೇ ಕುದಿಸಿ ರುಚಿ ತೆಗೆದಿರುತ್ತಾರೆ. ಯೀಸ್ಟ್ ಅವುಗಳ ಮೇಲೆ ಹರಡಿಕೊಂಡು ಕೂತರೆ ಬಿಯರ್ ಜೊತೆ ಅದರ ಸಂಪರ್ಕ ಹೆಚ್ಚುತ್ತದೆ, ಹಸಿ ವಾಸನೆಗಳು ಬೇಗ ಇಳಿಯುತ್ತವೆ.

ಎರಡನೆಯದು ಬೇಯಿಸಿದ ಮೆಕ್ಕೆಜೋಳದ ವಾಸನೆ. ಈ ವಾಸನೆ ಸಿಕ್ಕ ತಕ್ಷಣ 'ನೋಡಿ, ಜೋಳ ಹಾಕಿದ್ದಾರೆ' ಎನ್ನುವವರು ಬಹಳ. ವಾಸ್ತವದಲ್ಲಿ ಇದು ಡೈಮೀಥೈಲ್ ಸಲ್ಫೈಡ್, ಹುಟ್ಟುವುದು ಬಾರ್ಲಿ ಮಾಲ್ಟಿನಲ್ಲಿರುವ ವಸ್ತುವಿನಿಂದ. ಕುದಿ ಸರಿಯಾಗಿದ್ದರೆ ಆವಿಯ ಜೊತೆ ಹಾರಿಹೋಗುತ್ತದೆ. ಜೋಳವೇ ಇಲ್ಲದ ಜರ್ಮನ್ ಬಿಯರ್‌ನಲ್ಲೂ ಇದು ಸಿಗುತ್ತದೆ. ಅಗ್ಗದ ಬಿಯರ್‌ನ ಮೇಲೆ ಹೊರಿಸಲಾಗುವ ತಪ್ಪು ಆಪಾದನೆಗಳಲ್ಲಿ ನನಗೆ ಹೆಚ್ಚು ಬೇಸರ ತರುವುದು ಇದೇ.

ಮೂರನೆಯದು ಬೆಳಕು ತಾಗಿದ ಬಿಯರ್. ಹಾಪ್ಸ್‌ನ ಕಹಿ ವಸ್ತುವಿಗೆ ಸೂರ್ಯನ ಅಥವಾ ಟ್ಯೂಬ್‌ಲೈಟಿನ ಬೆಳಕು ತಾಗಿದರೆ ಗಂಧಕದ ಸಂಯುಕ್ತವೊಂದು ಹುಟ್ಟುತ್ತದೆ. ಅಮೆರಿಕದ ಸ್ಕಂಕ್ ಎಂಬ ಪ್ರಾಣಿ ಸಿಂಪಡಿಸುವ ದ್ರವಕ್ಕೆ ಇದರ ವಾಸನೆ ಹತ್ತಿರ. ನಮಗೆ ಗೊತ್ತಿರುವ ಗಂಧಗಳಲ್ಲಿ ಸುಟ್ಟ ರಬ್ಬರಿನ ಘಾಟಿಗೆ ಹತ್ತಿರ. ಒಂದು ಲೀಟರಿನಲ್ಲಿ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗಿಗೆ ಸಿಗುತ್ತದೆ. ಕಂದು ಗಾಜು ಬೆಳಕನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಗಾಜು ಅಷ್ಟಾಗಿ ತಡೆಯುವುದಿಲ್ಲ. ಹಾಗಾದರೆ ಮಿಲ್ಲರ್ ಹೈ ಲೈಫ್ ಬಣ್ಣವಿಲ್ಲದ ಪಾರದರ್ಶಕ ಬಾಟಲಿಯಲ್ಲಿ ಉಳಿಯುವುದು ಹೇಗೆ? ಆ ಕಂಪನಿ ಬಳಸುವುದು ಬೆಳಕಿಗೆ ಕೆಡದಂತೆ ರಾಸಾಯನಿಕವಾಗಿ ಬದಲಿಸಿದ ಹಾಪ್ಸ್ ಸಾರ. ಹೀಗಾಗಿ ಅಗ್ಗದ ಈ ಬಾಟಲಿ ಕೆಲವೊಮ್ಮೆ ಅದರ ಎರಡರಷ್ಟು ಬೆಲೆಯ ಆಮದು ಹಸಿರು ಬಾಟಲಿಗಿಂತ ಶುದ್ಧವಾಗಿರುತ್ತದೆ.

ಇನ್ನು ಒದ್ದೆ ರಟ್ಟಿನ ವಾಸನೆ. ಬಿಯರ್ ಹಳೆಯದಾಗಿ ಆಮ್ಲಜನಕ ಸೇರಿದಾಗ ಬರುತ್ತದೆ. ಅಂಗಡಿಯ ಬಿಸಿ ಗೋದಾಮಿನಲ್ಲಿ ಬಿದ್ದಿದ್ದ ಪೆಟ್ಟಿಗೆಗಳಲ್ಲಿ ಸಾಮಾನ್ಯ. ಬೆಣ್ಣೆಯ ಜಿಡ್ಡು ವಾಸನೆ ಡೈಅಸಿಟೈಲ್‌ನದು, ಅದು ದೊಡ್ಡ ಕಂಪನಿಗಳ ಲಾಗರ್‌ನಲ್ಲಿ ಅಪರೂಪ. ಕ್ಯಾನಿನ 'ಲೋಹದ ರುಚಿ' ಕೂಡ ಬಹುತೇಕ ಭ್ರಮೆ. ನ್ಯೂಜೆರ್ಸಿಯ ಕ್ರೂಗರ್ ಕಂಪನಿ 1935ರ ಜನವರಿಯಲ್ಲಿ ಮೊದಲ ಬಿಯರ್ ಕ್ಯಾನುಗಳನ್ನು ಮಾರಿದಾಗಿನಿಂದಲೂ ಒಳಗೋಡೆಗೆ ಲೇಪನವಿದೆ. ಕ್ಯಾನಿಗೆ ತುಟಿ ಇಟ್ಟು ಕುಡಿಯುವಾಗ ಮೂಗಿಗೆ, ತುಟಿಗೆ ಲೋಹ ತಾಗುತ್ತದೆ. ಅಷ್ಟಕ್ಕೇ ನಾಲಿಗೆ ಮೋಸಹೋಗುತ್ತದೆ.

ಲೋಟದ ಮುಂದೆ ಕೂತಾಗ

ಈ ಬಿಯರ್‌ಗಳ ಜಾಹೀರಾತುಗಳೆಲ್ಲ ಹಿಮ, ಬೆಟ್ಟ, ಮಂಜುಗಡ್ಡೆ. ಕೂರ್ಸ್ ಲೈಟ್ ಕ್ಯಾನಿನ ಮೇಲಿನ ಬೆಟ್ಟಗಳು ತಣ್ಣಗಾದಾಗ ನೀಲಿ ಬಣ್ಣಕ್ಕೆ ತಿರುಗುತ್ತವೆ. ಆ ಥಂಡಿಯಲ್ಲಿ ನಾಲಿಗೆ ಮರಗಟ್ಟುತ್ತದೆ, ಪರಿಮಳ ಮೇಲೇಳುವುದಿಲ್ಲ. ಬಾಯಾರಿಕೆಗೆ ಅದು ಹಿತ; ಅಂಕ ಕೊಡುವುದಕ್ಕೆ ಮಾತ್ರ ಫ್ರಿಜ್ಜಿನಿಂದ ತೆಗೆದು ಹತ್ತು ಹದಿನೈದು ನಿಮಿಷ ಹೊರಗಿಟ್ಟು, 7ರಿಂದ 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ರುಚಿ ನೋಡಬೇಕು.

ಎಣ್ಣೆ, ಸೋಪಿನ ಜಿಡ್ಡಿಲ್ಲದ ಗಾಜಿನ ಲೋಟ ಇರಲಿ. ಜಿಡ್ಡಿದ್ದರೆ ನೊರೆ ನಿಲ್ಲುವುದಿಲ್ಲ, ತಪ್ಪು ಬಿಯರ್‌ನ ತಲೆಗೆ ಬರುತ್ತದೆ. ಕ್ಯಾನನ್ನು ಬಗ್ಗಿಸಿ ಲೋಟದ ನಡುವಿಗೇ ಧಾರೆಯಾಗಿ ಸುರಿಯಿರಿ. ಬಿಳಿ ನೊರೆ ಎರಡು ಬೆರಳಷ್ಟು ಏರಿ, ದೊಡ್ಡ ಗುಳ್ಳೆಗಳಾಗಿ ಒಡೆದು, ಒಂದು ನಿಮಿಷದೊಳಗೆ ಅಂಚಿನ ಉಂಗುರವಾಗಿ ಉಳಿಯುತ್ತದೆ. ಒಣ ಹುಲ್ಲಿನ ಬಣ್ಣ. ಲೋಟದ ಹಿಂದೆ ಪತ್ರಿಕೆ ಹಿಡಿದರೆ ಅಕ್ಷರಗಳು ಓದಲು ಬರಬೇಕು. ಮೂಗು ಲೋಟದೊಳಗೆ ಇಳಿಸಿ ಚಿಕ್ಕ ಚಿಕ್ಕ ಉಸಿರೆಳೆಯಿರಿ. ಮೊದಲ ಎರಡು ಉಸಿರಿನಲ್ಲೇ ಹೆಚ್ಚಿನದು ಸಿಗುತ್ತದೆ, ಆಮೇಲೆ ಮೂಗು ಒಗ್ಗಿಕೊಳ್ಳುತ್ತದೆ. ಗುಟುಕನ್ನು ನಾಲಿಗೆಯ ಮೇಲೆಲ್ಲ ಆಡಿಸಿ ನುಂಗಬೇಕು. ವೈನಿನಂತೆ ಉಗುಳಿದರೆ ಗಂಟಲ ಹಿಂದೆ ಸಿಗುವ ಕೊನೆಯ ಕಹಿ ತಪ್ಪಿಹೋಗುತ್ತದೆ ಎಂಬ ಕಾರಣಕ್ಕೆ ಬಿಯರ್ ತೀರ್ಪುಗಾರರು ಸಾಮಾನ್ಯವಾಗಿ ನುಂಗುತ್ತಾರೆ. ಆದ್ದರಿಂದಲೇ ಪ್ರಮಾಣ ಸಣ್ಣದಿರಬೇಕು: ಒಂದು ಮಾದರಿಗೆ 60ರಿಂದ 90 ಮಿಲಿಲೀಟರ್, ಒಂದು ಕೂಟಕ್ಕೆ ಆರು ಮಾದರಿ ಸಾಕು. ನಡುನಡುವೆ ನೀರು, ಉಪ್ಪಿಲ್ಲದ ಬ್ರೆಡ್ಡಿನ ತುಣುಕು. ಲೈಟ್ ಬಿಯರ್‌ಗಳನ್ನು ಮೊದಲು ಮುಗಿಸಿ. ಗಟ್ಟಿಯಾದದ್ದರ ನಂತರ ಅವು ನೀರೆಂದೇ ತೋರುತ್ತವೆ.

ಕ್ಯಾನಿನ ತಳದ ದಿನಾಂಕ ನೋಡುವುದನ್ನು ಮರೆಯಬೇಡಿ. ಬಡ್ವೈಸರ್ 1996ರಲ್ಲಿ ತಯಾರಾದ ದಿನವನ್ನೇ ಮುದ್ರಿಸಲು ಆರಂಭಿಸಿ, 110 ದಿನಗಳೊಳಗೆ ಕುಡಿಯಲು ಹೇಳಿತು. ಆರು ತಿಂಗಳ ಹಳೆಯ ಕ್ಯಾನಿಗೂ ಹೊಸ ಕ್ಯಾನಿಗೂ ಹೋಲಿಕೆ ಮಾಡಿದರೆ ಅಳೆದದ್ದು ಅಂಗಡಿಯವನ ಗೋದಾಮನ್ನು, ತಯಾರಕನ ಕೈಯನ್ನಲ್ಲ.

50 ಅಂಕಗಳ ಹಂಚಿಕೆ

ಬಿಜೆಸಿಪಿ ಅಂಕಪಟ್ಟಿಯಲ್ಲಿ ಒಟ್ಟು 50 ಅಂಕ. ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿನ ಸ್ಪರ್ಶಕ್ಕೆ 5, ಒಟ್ಟು ಅಭಿಪ್ರಾಯಕ್ಕೆ 10. ಒಟ್ಟು 30 ದಾಟಿದರೆ ತುಂಬಾ ಚೆನ್ನಾಗಿದೆ, 38 ದಾಟಿದರೆ ಅತ್ಯುತ್ತಮ, 45 ದಾಟಿದರೆ ಅದಕ್ಕೂ ಮೇಲೆ.

ಮುಖ್ಯ ನಿಯಮವೆಂದರೆ ಬಿಯರನ್ನು ಅದರದ್ದೇ ವರ್ಗದ ಅಳತೆಯಲ್ಲಿ ತೂಗಬೇಕು. ಹಾಪ್ಸ್ ಪರಿಮಳ ಇಲ್ಲವೆಂದು ಅಮೆರಿಕನ್ ಲಾಗರ್‌ನ ಅಂಕ ಕಳೆಯುವಂತಿಲ್ಲ, ಏಕೆಂದರೆ ಅದು ಇಲ್ಲದಿದ್ದರೂ, ತೀರಾ ಕಡಿಮೆಯಿದ್ದರೂ ಸರಿ ಎಂಬುದೇ ಅದರ ನಿಯಮ. ಕೇಳಬೇಕಾದ ಪ್ರಶ್ನೆಗಳು ಬೇರೆ. ಸ್ವಚ್ಛವಾಗಿದೆಯೇ? ಗುಳ್ಳೆ ಚುರುಕಾಗಿದೆಯೇ? ನುಂಗಿದ ಮೇಲೆ ಬಾಯಿ ಒಣಗಿ ಇನ್ನೊಂದು ಗುಟುಕು ಬೇಕೆನಿಸುತ್ತದೆಯೇ, ಅಥವಾ ಅಂಟು ಸಿಹಿ ಉಳಿಯುತ್ತದೆಯೇ? ಮಾಲ್ಟಿನ ಸಣ್ಣ ಸಿಹಿಯನ್ನು ಸಣ್ಣ ಕಹಿ ಸರಿದೂಗಿಸಿದೆಯೇ? ಜನಸಾಮಾನ್ಯರು ಅಂಕ ಕೊಡುವ ಪಟ್ಟಿಗಳಲ್ಲಿ ಅಗ್ಗದ ಲಾಗರ್‌ಗಳು ತಳದಲ್ಲಿ, ಕಡುಗಪ್ಪು ಸ್ಟೌಟ್‌ಗಳು ತುದಿಯಲ್ಲಿ ಇರುವುದು ಈ ನಿಯಮ ಪಾಲಿಸದ್ದರಿಂದ. 1982ರಲ್ಲಿ ಕೊಲರಾಡೋದ ಬೋಲ್ಡರ್‌ನಲ್ಲಿ ಶುರುವಾಗಿ ಈಗ ಡೆನ್ವರ್‌ನಲ್ಲಿ ನಡೆಯುವ ಗ್ರೇಟ್ ಅಮೆರಿಕನ್ ಬಿಯರ್ ಫೆಸ್ಟಿವಲ್‌ನಲ್ಲಿ ವರ್ಗವಾರು, ಹೆಸರು ಮುಚ್ಚಿ ತೀರ್ಪು ಕೊಡುತ್ತಾರೆ. ಅಲ್ಲಿ ಪ್ಯಾಬ್ಸ್ಟ್, ಓಲ್ಡ್ ಮಿಲ್ವಾಕೀ ಥರದ ಬಿಯರ್‌ಗಳು ಪದಕ ಪಡೆದಿವೆ.

ಅಂಕದ ಜಗಳವೂ ಹಳೆಯದೇ. 1893ರ ಶಿಕಾಗೋ ವಿಶ್ವಮೇಳದ ಬಿಯರ್ ತೀರ್ಪಿನ ಬಗ್ಗೆ ಪ್ಯಾಬ್ಸ್ಟ್ ಮತ್ತು ಆನ್‌ಹೈಸರ್-ಬುಶ್ ಕಂಪನಿಗಳು ಬಹಳ ದಿನ ಕಚ್ಚಾಡಿದವು. ಅದಕ್ಕೂ ಮೊದಲೇ, 1882ರಿಂದ, ಪ್ಯಾಬ್ಸ್ಟ್ ತನ್ನ ಬಾಟಲಿಗಳ ಕುತ್ತಿಗೆಗೆ ನೀಲಿ ರೇಷ್ಮೆ ರಿಬ್ಬನ್ ಕಟ್ಟುತ್ತಿತ್ತು. ಅಂದರೆ ಆ ರಿಬ್ಬನ್ ಈ ತೀರ್ಪಿನಿಂದ ಬಂದದ್ದಲ್ಲ.

ಲೇಬಲ್ ಮುಚ್ಚಿದ ಮೇಲೆ

ರಾಲ್ಫ್ ಆಲಿಸನ್ ಮತ್ತು ಕೆನೆತ್ ಉಲ್ 1964ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಇಂದಿಗೂ ಉಲ್ಲೇಖವಾಗುತ್ತದೆ. ನಿಯಮಿತವಾಗಿ ಬಿಯರ್ ಕುಡಿಯುವ ಮುನ್ನೂರಕ್ಕೂ ಹೆಚ್ಚು ಜನರಿಗೆ ಮೊದಲು ಲೇಬಲ್ ಇಲ್ಲದ ಬಾಟಲಿ ಕೊಟ್ಟರು. ಬ್ರ್ಯಾಂಡುಗಳ ನಡುವೆ ವ್ಯತ್ಯಾಸ ಕಾಣಿಸಲಿಲ್ಲ, ತಮ್ಮ ನೆಚ್ಚಿನ ಬಿಯರ್‌ಗೂ ಜನ ಹೆಚ್ಚು ಅಂಕ ಕೊಡಲಿಲ್ಲ. ಅದೇ ಬಿಯರ್‌ಗಳನ್ನು ಲೇಬಲ್ ಸಹಿತ ಕೊಟ್ಟಾಗ ನೆಚ್ಚಿನದು ಮೇಲೆ ಹೋಯಿತು.

2006ರ ಇನ್ನೊಂದು ಪ್ರಯೋಗ ನನಗೆ ಇನ್ನೂ ಅರ್ಥಪೂರ್ಣವೆನಿಸುತ್ತದೆ. ಲಿಯೊನಾರ್ಡ್ ಲೀ, ಶೇನ್ ಫ್ರೆಡೆರಿಕ್, ಡ್ಯಾನ್ ಏರಿಯೆಲಿ ಎಂಬ ಸಂಶೋಧಕರು ಪಬ್ಬಿಗೆ ಬಂದವರಿಗೆ ಎರಡು ಬಿಯರ್ ಕೊಟ್ಟರು; ಒಂದರಲ್ಲಿ ಕೆಲವು ಹನಿ ಬಾಲ್ಸಾಮಿಕ್ ವಿನೆಗರ್ ಇತ್ತು. ವಿನೆಗರ್ ವಿಷಯ ಕುಡಿಯುವ ಮೊದಲೇ ತಿಳಿದವರು ಅದನ್ನು ಮೆಚ್ಚಲಿಲ್ಲ. ಏನೂ ತಿಳಿಯದೆ ಕುಡಿದ ಅನೇಕರು ಮೆಚ್ಚಿದರು. ಕುಡಿದಾದ ಮೇಲೆ ಹೇಳಿದಾಗಲೂ ಅವರ ಮೆಚ್ಚುಗೆ ಹೆಚ್ಚು ಬದಲಾಗಲಿಲ್ಲ. ಅಂದರೆ ಮೊದಲೇ ತಿಳಿದ ಮಾಹಿತಿ ನಾಲಿಗೆಯ ಅನುಭವವನ್ನೇ ತಿದ್ದುತ್ತದೆ. 'ಅಗ್ಗದ್ದು' ಎಂಬ ಮಾಹಿತಿಯೂ ಹೀಗೇ ಕೆಲಸ ಮಾಡುತ್ತದೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಮೂರು ಲೋಟದ್ದು. ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ. ಸುರಿದವರು ಒಬ್ಬರು, ಕುಡಿಯುವವರು ಇನ್ನೊಬ್ಬರು. ಬೇರೆಯದು ಯಾವುದೆಂದು ಗುರುತಿಸಬೇಕು. ಸುಮ್ಮನೆ ಊಹಿಸಿ ಹೇಳಿದರೂ ಮೂರಕ್ಕೆ ಒಂದು ಸಲ ಸರಿಯಾಗುವುದರಿಂದ ಹಲವು ಸುತ್ತು ಮಾಡದೆ ನಂಬಬಾರದು. ಈ ಪರೀಕ್ಷೆಯಲ್ಲಿ ಬೇರೆಯೆಂದು ಗುರುತಿಸಲಾಗದ ಎರಡು ಬಿಯರ್‌ಗಳಿಗೆ ಬೇರೆ ಬೇರೆ ಅಂಕ ಕೊಡುವುದರಲ್ಲಿ ಅರ್ಥವಿಲ್ಲ.

ಶ್ಲಿಟ್ಸ್ ಕುಸಿದದ್ದು

ಜನರಿಗೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ ಎಂದು ಮೇಲಿನದರಿಂದ ತೀರ್ಮಾನಿಸುವುದು ಅಪಾಯ. ಮಿಲ್ವಾಕೀಯ ಶ್ಲಿಟ್ಸ್ 1970ರ ದಶಕದಲ್ಲಿ ಬಡ್ವೈಸರ್ ಕಂಪನಿಯ ನಂತರ ದೇಶದ ಎರಡನೇ ಸ್ಥಾನದಲ್ಲಿತ್ತು. ಖರ್ಚು ಇಳಿಸಲು ಹುದುಗುವ ಕಾಲವನ್ನು ಕಡಿತ ಮಾಡಿತು, ಮಾಲ್ಟಿನ ಪಾಲು ತಗ್ಗಿಸಿ ಜೋಳದ ಪಾಕ ಹೆಚ್ಚಿಸಿತು. ಒಂದೊಂದು ಬದಲಾವಣೆಯೂ ಚಿಕ್ಕದು, ಎಲ್ಲ ಸೇರಿದಾಗ ಬಿಯರ್ ತೆಳುವಾಯಿತು. 1976ರಲ್ಲಿ ಬಿಯರ್ ಮಸುಕಾಗದಿರಲು ಬಳಸುತ್ತಿದ್ದ ಸಿಲಿಕಾ ಜೆಲ್ ಬಿಟ್ಟು ಬೇರೆ ವಸ್ತು ಹಾಕಿದರು. ಅದು ನೊರೆ ನಿಲ್ಲಿಸಲು ಹಾಕುತ್ತಿದ್ದ ಇನ್ನೊಂದು ವಸ್ತುವಿನ ಜೊತೆ ಕೂಡಿ ಬಾಟಲಿಯೊಳಗೆ ಬಿಳಿ ಚೂರುಗಳಾಗಿ ತೇಲತೊಡಗಿತು. ಕಂಪನಿ ಸುಮಾರು 1 ಕೋಟಿ ಬಾಟಲಿ-ಕ್ಯಾನುಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಕಳೆದ ನಂಬಿಕೆ ಮರಳಲಿಲ್ಲ. 1982ರಲ್ಲಿ ಡೆಟ್ರಾಯಿಟ್‌ನ ಸ್ಟ್ರೋ ಕಂಪನಿ ಅದನ್ನು ಕೊಂಡಿತು. ಆಮೇಲೆ ಬ್ರ್ಯಾಂಡು ಪ್ಯಾಬ್ಸ್ಟ್ ಕೈಗೆ ಬಂದು, 2008ರಲ್ಲಿ 1960ರ ದಶಕದ ಪಾಕವಿಧಾನದ ಶ್ಲಿಟ್ಸ್ ಮತ್ತೆ ಮಾರುಕಟ್ಟೆಗೆ ಬಂತು. ಅಗ್ಗದ ಬಿಯರ್ ಕುಡಿಯುವವರ ನಾಲಿಗೆಯನ್ನು ಕಡೆಗಣಿಸಿದ ಕಂಪನಿ ತೆತ್ತ ಬೆಲೆ ಇದು.

ಕೆಲವು ಬಿಯರ್‌ಗಳ ಗುರುತು

ಕೂರ್ಸ್ ಬ್ಯಾಂಕ್ವೆಟ್: 1873ರಿಂದ ಕೊಲರಾಡೋದ ಗೋಲ್ಡನ್ ಊರಿನಲ್ಲಿರುವ ಕಂಪನಿಯದು, ಶೇ. 5. ಈ ಸಾಲಿನಲ್ಲಿ ಮಾಲ್ಟ್ ಸ್ಪಷ್ಟವಾಗಿ ಸಿಗುವುದು ಇದರಲ್ಲಿ. ಯೀಸ್ಟಿನಿಂದ ಬರುವ ಬಾಳೆಹಣ್ಣಿನ ಎಳೆಯೊಂದಿದೆ. ನನ್ನ ಮಟ್ಟಿಗೆ ಇದೇ ಮೊದಲು. ಮಿಲ್ಲರ್ ಹೈ ಲೈಫ್, ಶೇ. 4.6: ಗುಳ್ಳೆ ಹೆಚ್ಚು, ಸಿಹಿ ತುಸು ಮುಂದೆ, ಕರಿದ ತಿಂಡಿಯ ಜೊತೆ ಚೆನ್ನ. ಪ್ಯಾಬ್ಸ್ಟ್ ಒರಟು ಧಾನ್ಯದ ರುಚಿಯದು, ಕಹಿ ಕೂದಲೆಳೆ ಹೆಚ್ಚು. ಹ್ಯಾಮ್ಸ್ 1865ರಲ್ಲಿ ಮಿನೆಸೋಟದ ಸೇಂಟ್ ಪಾಲ್‌ನಲ್ಲಿ ಹುಟ್ಟಿದ್ದು, ಬೆಲೆಗೆ ಹೋಲಿಸಿದರೆ ಇಷ್ಟು ಸ್ವಚ್ಛವಾದ ಬಿಯರ್ ಅಪರೂಪ. ಲೈಟ್‌ಗಳಲ್ಲಿ 96 ಕ್ಯಾಲೊರಿಯ ಮಿಲ್ಲರ್ ಲೈಟ್ ಮಾತ್ರ ಹಾಪ್ಸ್‌ನ ನೆನಪು ಉಳಿಸಿಕೊಂಡಿದೆ. ಜೋಸೆಫ್ ಓವೇಡ್ಸ್ ಎಂಬ ಜೀವರಸಾಯನ ವಿಜ್ಞಾನಿ ಉಳಿದ ಪಿಷ್ಟವನ್ನೂ ಒಡೆಯುವ ಕಿಣ್ವ ಬಳಸಿ 1967ರಲ್ಲಿ ರೈನ್‌ಗೋಲ್ಡ್ ಕಂಪನಿಗೆ ಮಾಡಿಕೊಟ್ಟ ಡಯಟ್ ಬಿಯರ್ ಮಾರಾಟವಾಗಲಿಲ್ಲ. 1975ರಲ್ಲಿ ಮಿಲ್ಲರ್ ಲೈಟ್ ದೇಶವಿಡೀ ಬಂದಾಗ ಅದೇ ಮಾರ್ಗ ಗೆದ್ದಿತು. ಕೀಸ್ಟೋನ್ ಲೈಟ್, ನ್ಯಾಚುರಲ್ ಲೈಟ್‌ಗಳಲ್ಲಿ ದೋಷ ಹುಡುಕುವುದು ಕಷ್ಟ, ಗುಣ ಹುಡುಕುವುದೂ ಅಷ್ಟೇ ಕಷ್ಟ. ಅಂಕ ಇಪ್ಪತ್ತರ ಆಚೀಚೆ.

ಬೆಂಗಳೂರಿನ ಬಾರಿನಲ್ಲಿ ಬಡ್ವೈಸರ್ ಮಾಮೂಲಿ ಲಾಗರ್‌ಗಿಂತ ಮೇಲಿನ ಬೆಲೆಯ ಬಿಯರ್. ಅಲ್ಲಿಂದ ಅಮೆರಿಕಕ್ಕೆ ಹೋದ ಕನ್ನಡಿಗರಿಗೆ ಅದೇ ಕೆಂಪು ಲೇಬಲ್ ದಿನಬಳಕೆಯ ಸಾಲಿನಲ್ಲಿ ಎದುರಾಗುತ್ತದೆ. ಭಾರತದಲ್ಲಿ ಮಾರುವುದು ಭಾರತದಲ್ಲೇ ತಯಾರಾದದ್ದು, ಆದ್ದರಿಂದ ಎರಡು ದೇಶಗಳ ಬಾಟಲಿಗಳನ್ನು ನೆನಪಿನಿಂದ ಹೋಲಿಸಿ ಅಂಕ ಕೊಡುವುದು ಸಲ್ಲದು. ಹೋಲಿಸಲೇಬೇಕೆಂದರೆ ತಯಾರಿಕೆಯ ದಿನಾಂಕ ಹತ್ತಿರವಿರುವ ಎರಡನ್ನು ಹುಡುಕಿ, ಲೋಟಗಳಿಗೆ ಸುರಿಯುವ ಕೆಲಸವನ್ನು ಕುಡಿಯದ ಒಬ್ಬರಿಗೆ ಒಪ್ಪಿಸಿ.